ಪೇಟನ್ ರೌಸ್

ಫ್ರಾನ್ಸಿಸ್ ಪೇಟನ್ ರೌಸ್ (ಅಕ್ಟೋಬರ್ 5, 1879 – ಫೆಬ್ರವರಿ 16, 1970) ಅಮೆರಿಕದ ರೋಗವಿಜ್ಞಾನಿ. ಕೋಳಿಗಳಿಗೆ ಬರುವ ಒಂದು ಬಗೆಯ ಕ್ಯಾನ್ಸರ್ ವೈರಸ್ಸಿನಿಂದ ಹರಡುತ್ತದೆ ಎಂಬುದನ್ನು ಕಂಡುಹಿಡಿದವರು. ಇದಕ್ಕಾಗಿ 1966ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ದೊರೆಯಿತು. ಜೀವಕೋಶದೊಳಗೆ ಬೆಳವಣಿಗೆಯ ಸಂಕೇತಗಳನ್ನು ಸಾಗಿಸುವ ಪ್ರೋಟೀನುಗಳು ಹತೋಟಿ ತಪ್ಪಿದಾಗ ಕ್ಯಾನ್ಸರ್ ಬೆಳೆಯುತ್ತದೆ ಎಂಬ ತಿಳಿವಳಿಕೆಗೆ ಮುಂದೆ ಇದೇ ವೈರಸ್ಸಿನ ಅಧ್ಯಯನ ದಾರಿ ಮಾಡಿಕೊಟ್ಟಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರೌಸ್ ಹುಟ್ಟಿದ್ದು ಬಾಲ್ಟಿಮೋರ್ ನಗರದಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಕ್ಕಳ ಓದಿಗೆ ಅಡ್ಡಿಯಾಗಬಾರದೆಂದು ತಾಯಿ ಅದೇ ಊರಿನಲ್ಲಿ ನೆಲೆನಿಂತರು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1900ರಲ್ಲಿ ಪದವಿಯನ್ನೂ 1905ರಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದರು. ವಿದ್ಯಾರ್ಥಿಯಾಗಿದ್ದಾಗ ಶವಪರೀಕ್ಷೆಯ ವೇಳೆ ಬೆರಳಿಗಾದ ಗಾಯದಿಂದ ಕ್ಷಯರೋಗ ತಗುಲಿ, ಒಂದು ವರ್ಷ ಓದು ನಿಲ್ಲಿಸಿ ಟೆಕ್ಸಾಸಿನ ದನದ ಫಾರಂ ಒಂದರಲ್ಲಿ ಚೇತರಿಸಿಕೊಳ್ಳಬೇಕಾಯಿತು. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು. ಅವರ ಉಳಿದ ಜೀವಮಾನವೆಲ್ಲ ಅಲ್ಲಿಯೇ ಕಳೆಯಿತು.

ಕೋಳಿಯ ಗಡ್ಡೆ

ಅದೇ ವರ್ಷ ಎದೆಯ ಮೇಲೆ ದೊಡ್ಡ ಗಡ್ಡೆ ಬೆಳೆದಿದ್ದ ಪ್ಲಿಮತ್ ರಾಕ್ ತಳಿಯ ಹೇಂಟೆಯೊಂದು ಅವರ ಪ್ರಯೋಗಾಲಯಕ್ಕೆ ಬಂದಿತು. ರೌಸ್ ಗಡ್ಡೆಯ ತುಣುಕುಗಳನ್ನು ಅದೇ ತಳಿಯ ಬೇರೆ ಕೋಳಿಗಳಿಗೆ ನಾಟಿ ಮಾಡಿದಾಗ ಅವುಗಳಲ್ಲಿಯೂ ಗಡ್ಡೆ ಬೆಳೆಯಿತು. ಇಷ್ಟರಲ್ಲಿ ವಿಶೇಷವೇನೂ ಇರಲಿಲ್ಲ. ಮುಂದಿನ ಹೆಜ್ಜೆ ಮಾತ್ರ ಹೊಸದು. ಗಡ್ಡೆಯನ್ನು ಅರೆದು, ಜೀವಕೋಶಗಳಾಗಲಿ ಬ್ಯಾಕ್ಟೀರಿಯಾಗಳಾಗಲಿ ನುಸುಳಲಾರದಷ್ಟು ಸೂಕ್ಷ್ಮ ರಂಧ್ರಗಳ ಶೋಧಕದಲ್ಲಿ ಸೋಸಿ, ಕೆಳಗಿಳಿದ ದ್ರವವನ್ನಷ್ಟೇ ಚುಚ್ಚಿದರು. ಆಗಲೂ ಕ್ಯಾನ್ಸರ್ ಕಾಣಿಸಿಕೊಂಡಿತು. 1911ರಲ್ಲಿ ಈ ಫಲಿತಾಂಶವನ್ನು ಪ್ರಕಟಿಸಿದರು.

ವಿಜ್ಞಾನ ಲೋಕ ಅದನ್ನು ನಂಬಲಿಲ್ಲ. ಸೋಸುವಿಕೆ ಸರಿಯಾಗಿರಲಾರದು ಎಂದವರೂ ಹಕ್ಕಿಗಳ ಗಡ್ಡೆ ನಿಜವಾದ ಕ್ಯಾನ್ಸರ್ ಅಲ್ಲವೆಂದವರೂ ಇದ್ದರು. ಇಲಿಗಳ ಗಡ್ಡೆಗಳಲ್ಲಿ ಅಂಥದೇ ಕಾರಣವನ್ನು ಹುಡುಕಿದ ರೌಸ್ ಅವರಿಗೂ ಏನೂ ಸಿಗಲಿಲ್ಲ. 1915ರ ಹೊತ್ತಿಗೆ ಅವರು ಈ ಕೆಲಸವನ್ನೇ ಕೈಬಿಟ್ಟರು. ಆ ಬಳಿಕ ಜೆ. ಆರ್. ಟರ್ನರ್ ಅವರೊಂದಿಗೆ, ಸಿಟ್ರೇಟ್ ಮತ್ತು ಸಕ್ಕರೆಯ ದ್ರಾವಣದಲ್ಲಿ ರಕ್ತವನ್ನು ಕೆಲವು ವಾರ ಕೆಡದಂತೆ ಇಡುವ ವಿಧಾನವನ್ನು ರೂಪಿಸಿದರು. ಮೊದಲ ಮಹಾಯುದ್ಧದ ರಣರಂಗದಲ್ಲಿ ಅದು ಬಳಕೆಯಾಯಿತು. ಇಂದಿನ ರಕ್ತನಿಧಿಗಳ ಮೂಲ ಅದು. ಇದೊಂದೇ ಸಾಧನೆ ಅವರ ಹೆಸರುಳಿಸಲು ಸಾಕಾಗಿತ್ತು.

1933ರಲ್ಲಿ ಗೆಳೆಯ ರಿಚರ್ಡ್ ಶೋಪ್ ಕಾಡುಮೊಲಗಳ ನರುಲಿಗೆ ವೈರಸ್ ಕಾರಣವೆಂದು ತೋರಿಸಿದ ಮೇಲೆ ರೌಸ್ ಮತ್ತೆ ಕ್ಯಾನ್ಸರ್ ಅಧ್ಯಯನಕ್ಕೆ ಮರಳಿದರು.

ನೊಬೆಲ್ ಪ್ರಶಸ್ತಿ

1926ರಲ್ಲೇ ಅವರ ಹೆಸರು ನೊಬೆಲ್‌ಗೆ ಸೂಚಿತವಾಗಿತ್ತು. ಪ್ರಶಸ್ತಿ ಬಂದದ್ದು ನಲವತ್ತು ವರ್ಷಗಳ ನಂತರ, 87ನೆಯ ವಯಸ್ಸಿನಲ್ಲಿ. ಅದನ್ನು ಹಂಚಿಕೊಂಡ ಚಾರ್ಲ್ಸ್ ಹಗಿನ್ಸ್, ಹಾರ್ಮೋನುಗಳ ಮೂಲಕ ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯನ್ನು ರೂಪಿಸಿದವರು. ಅಳಿಯ ಅಲನ್ ಹಾಡ್ಜ್‌ಕಿನ್‌ಗೆ ಮೂರು ವರ್ಷ ಮೊದಲೇ ನೊಬೆಲ್ ಸಂದಿತ್ತು.

ವಂಶವಾಹಿಗಳಲ್ಲಾಗುವ ಬದಲಾವಣೆಯೇ ಕ್ಯಾನ್ಸರಿಗೆ ಕಾರಣವೆಂಬ ವಾದವನ್ನು ರೌಸ್ ಕೊನೆಯವರೆಗೂ ಒಪ್ಪಲಿಲ್ಲ. ನೊಬೆಲ್ ಉಪನ್ಯಾಸದಲ್ಲಿಯೂ ಅದನ್ನು ವಿರೋಧಿಸಿದರು. ಅರ್ಧ ಶತಮಾನ ಇತರರ ಅಪನಂಬಿಕೆಯನ್ನು ಎದುರಿಸಿದ ಅವರು ಈ ವಿಷಯದಲ್ಲಿ ತಾವೇ ಅಪನಂಬಿಕೆಯ ಪಕ್ಷದಲ್ಲಿ ನಿಂತದ್ದು ವಿಚಿತ್ರವೇ ಸರಿ. ಅವರ ವೈರಸ್ಸೇ ಆ ವಾದವನ್ನು ಬಲಪಡಿಸಿತು. ಅದನ್ನು ನೋಡಲು ಅವರು ಉಳಿಯಲಿಲ್ಲ. 1970ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು.

ಸಾರ್ಕ್ ಪ್ರೋಟೀನು

ವೈರಸ್ಸಿನಲ್ಲಿ ಕ್ಯಾನ್ಸರ್ ತರುವುದು ಒಂದೇ ಒಂದು ವಂಶವಾಹಿ ಎಂಬುದು ಕ್ರಮೇಣ ತಿಳಿಯಿತು. ಸಾರ್ಕೋಮ ಎಂಬ ಪದದಿಂದ ಅದಕ್ಕೆ ಸಾರ್ಕ್ ಎಂಬ ಹೆಸರು ಬಂತು. 1976ರಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಸಹೋದ್ಯೋಗಿಗಳು ಅದೇ ವಂಶವಾಹಿಯನ್ನು ಆರೋಗ್ಯವಂತ ಕೋಳಿಯ ಜೀವಕೋಶದಲ್ಲೇ ಕಂಡರು. ಅಂದರೆ ವೈರಸ್ ಅದನ್ನು ಎಂದೋ ಕೋಳಿಯಿಂದಲೇ ಎತ್ತಿಕೊಂಡಿತ್ತು. ಮನುಷ್ಯರಲ್ಲಿಯೂ ಅದು ಇದೆ. ಈ ಶೋಧನೆಗೆ ಬಿಷಪ್ ಮತ್ತು ವಾರ್ಮಸ್ 1989ರಲ್ಲಿ ನೊಬೆಲ್ ಪಡೆದರು.

ಸಾರ್ಕ್ ಪ್ರೋಟೀನು ಒಂದು ಕಿಣ್ವ. ಬೆಳೆಯಬೇಕೆಂಬ ಸಂದೇಶ ಜೀವಕೋಶದ ಹೊರಪೊರೆಗೆ ತಲುಪಿದಾಗ, ಒಳಗಿನ ಪ್ರೋಟೀನುಗಳಲ್ಲಿರುವ ಟೈರೋಸಿನ್ ಎಂಬ ಘಟಕಕ್ಕೆ ಅದು ಫಾಸ್ಫೇಟನ್ನು ಅಂಟಿಸಿ ಆ ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ಕೆಲಸವಿಲ್ಲದಾಗ ತನ್ನದೇ ಬಾಲವನ್ನು ಒಳಕ್ಕೆ ಮಡಚಿಕೊಂಡು ಸುಮ್ಮನಿರುತ್ತದೆ. ವೈರಸ್ಸಿನ ಸಾರ್ಕ್‌ನಲ್ಲಿ ಈ ಬಾಲದ ತುದಿ ಇಲ್ಲ. ಆದ್ದರಿಂದ ಅದು ಸುಮ್ಮನಾಗುವುದೇ ಇಲ್ಲ. ಹೊರಗಿನಿಂದ ಯಾವ ಸಂದೇಶ ಬಾರದಿದ್ದರೂ ಜೀವಕೋಶ ಒಡೆಯುತ್ತ, ಹೆಚ್ಚುತ್ತ ಹೋಗುತ್ತದೆ. ಮನುಷ್ಯರ ದೊಡ್ಡಕರುಳು ಮತ್ತು ಸ್ತನದ ಕ್ಯಾನ್ಸರ್‌ಗಳಲ್ಲಿ ಸಾರ್ಕ್ ವಂಶವಾಹಿ ಕೆಟ್ಟಿರುವುದು ಅಪರೂಪವಾದರೂ ಪ್ರೋಟೀನಿನ ಚಟುವಟಿಕೆ ಹೆಚ್ಚಿರುವುದು ಅನೇಕ ಸಲ ಕಂಡುಬಂದಿದೆ.

ಇಂಥ ಕಿಣ್ವಗಳನ್ನು ತಡೆಯುವ ಔಷಧಗಳು ಮುಂದೆ ಬಂದವು. ಸಾರ್ಕ್‌ನ ಬಂಧುವಾದ ಏಬಲ್ ಕಿಣ್ವ ಹತೋಟಿ ತಪ್ಪುವುದರಿಂದ ಒಂದು ಬಗೆಯ ರಕ್ತಕ್ಯಾನ್ಸರ್ ಬರುತ್ತದೆ. ಅದನ್ನು ತಡೆಯುವ ಇಮಾಟಿನಿಬ್ ಗುಳಿಗೆಗೆ ಅಮೆರಿಕ 2001ರಲ್ಲಿ ಅನುಮತಿ ನೀಡಿತು. ಭಾರತದಲ್ಲಿ ನೊವಾರ್ಟಿಸ್ ಕಂಪನಿ ಈ ಔಷಧದ ಒಂದು ರೂಪಕ್ಕೆ ಕೇಳಿದ್ದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಇದರಿಂದ ದೇಶೀಯ ಕಂಪನಿಗಳು ಇದೇ ಗುಳಿಗೆಯನ್ನು ತೀರ ಕಡಿಮೆ ಬೆಲೆಗೆ ತಯಾರಿಸುವುದು ಮುಂದುವರಿಯಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೂ ಸೇರಿದಂತೆ ದೇಶದ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದು ಬಳಕೆಯಲ್ಲಿದೆ. 2006ರಲ್ಲಿ ಬಂದ ಡಸಾಟಿನಿಬ್ ಎಂಬ ಔಷಧ ಏಬಲ್ ಮತ್ತು ಸಾರ್ಕ್ ಎರಡನ್ನೂ ತಡೆಯುತ್ತದೆ.