ಧಾರವಾಡದ ಬಾಲೂ ಮತ್ತು ತಂಡದ ಆಯ್ಕೆ

ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂದರೆ ನಮ್ಮ ಹಿರೇನಲ್ಲೂರಿನ ಹುಡುಗರಲ್ಲಿ ಒಂದೇ ಚರ್ಚೆ: ತಂಡದಲ್ಲಿ ಯಾರಿದ್ದಾರೆ, ಯಾರನ್ನು ಬಿಟ್ಟರು, ಯಾಕೆ ಬಿಟ್ಟರು? ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ದೇಶದ ಮೊದಲ ಕ್ರಿಕೆಟ್ ತಂಡವನ್ನು ಇಂಗ್ಲೆಂಡಿಗೆ ಕಳುಹಿಸುವಾಗಲೂ ಇದೇ ಪ್ರಶ್ನೆ ಎದ್ದಿತ್ತು. ಆ ತಂಡದಲ್ಲಿದ್ದ ಪಲ್ವಂಕರ್ ಬಾಲೂ ಅವರ ಜೀವನವನ್ನು ಓದಿದ ಮೇಲೆ ನಿಮಗೂ ತಿಳಿಸಬೇಕೆನಿಸಿತು.

ಬಾಲೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಆಗ ಅಸ್ಪೃಶ್ಯರೆಂದು ದೂರ ಇಡಲಾಗಿದ್ದ ದಲಿತ ಕುಟುಂಬ ಅವರದು. ತಂದೆ ಸೈನ್ಯದಲ್ಲಿದ್ದರು. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬೊಂದರ ಮೈದಾನ ಗುಡಿಸಿ, ರೋಲರ್ ಎಳೆಯುವ ಕೆಲಸಕ್ಕೆ ಅವರಿಗೆ ಸಿಗುತ್ತಿದ್ದ ಸಂಬಳ ತಿಂಗಳಿಗೆ 3 ರೂಪಾಯಿ. ಮುಂದೆ ಇಂಗ್ಲಿಷರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ನೆಟ್ಸ್‌ನಲ್ಲಿ ಸಾಹೇಬರಿಗೆ ಚೆಂಡು ಎಸೆಯುತ್ತಲೇ ಅವರು ಎಡಗೈ ಸ್ಪಿನ್ ಕಲಿತರು. ಆದರೆ ಬ್ಯಾಟ್ ಹಿಡಿಯುವ ಅವಕಾಶ ಕೊಡುತ್ತಿರಲಿಲ್ಲ.

ಅವರ ಬೌಲಿಂಗ್ ನೋಡಿ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಆದರೂ ಬೇಧ ಹೋಗಲಿಲ್ಲ. ಮೈದಾನದೊಳಗೆ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವೇಳೆಯಲ್ಲಿ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ ಚಹಾ. 1906ರಲ್ಲಿ ಹಿಂದೂ ತಂಡ ಬೊಂಬಾಯಿಯಲ್ಲಿ ಯುರೋಪಿಯನ್ನರನ್ನು ಸೋಲಿಸಿದಾಗ ಆ ಗೆಲುವಿನಲ್ಲಿ ಬಾಲೂ ಅವರ ಪಾಲು ದೊಡ್ಡದಿತ್ತು.

ಇಂಗ್ಲೆಂಡ್ ಪ್ರವಾಸಕ್ಕೆ 1903ರಲ್ಲೇ ಪ್ರಯತ್ನ ನಡೆದಿತ್ತು. ಯಾವ ಸಮುದಾಯಕ್ಕೆ ಎಷ್ಟು ಸ್ಥಾನ ಎಂಬ ಜಗಳದಲ್ಲಿ ಅದು ನಿಂತುಹೋಯಿತು. ಕೊನೆಗೆ 1911ರಲ್ಲಿ 6 ಪಾರ್ಸಿಗಳು, 5 ಹಿಂದೂಗಳು, 3 ಮುಸ್ಲಿಮರು ಎಂದು ಹಂಚಿಕೊಂಡು ತಂಡ ಹೊರಟಿತು. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಬೆಂಗಳೂರಿನ ಬಿ. ಜಯರಾಮ್ ಮತ್ತು ಬಾಲೂ ಅವರ ತಮ್ಮ ಶಿವರಾಮ್ ಕೂಡ ತಂಡದಲ್ಲಿದ್ದರು.

ತಂಡ ಸೋತದ್ದೇ ಹೆಚ್ಚು. ಮಹಾರಾಜರು ಆಡಿದ್ದು ಕೆಲವೇ ಪಂದ್ಯ. ಆದರೆ ಬಾಲೂ ಆ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಲೆಸ್ಟರ್‌ಶೈರ್ ತಂಡವನ್ನು ಸೋಲಿಸಿದ ಪಂದ್ಯದಲ್ಲೇ 11 ವಿಕೆಟ್.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಮ್ ಪ್ರತಿಭಟಿಸಿ ತಂಡದಿಂದ ಹೊರನಡೆದ ಮೇಲೆ ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು. ಬಾಲೂ ಮುಂದೆ ರಾಜಕೀಯಕ್ಕೆ ಬಂದು 1937ರ ಚುನಾವಣೆಯಲ್ಲಿ ಡಾ. ಅಂಬೇಡ್ಕರ್ ಅವರ ವಿರುದ್ಧ ಸ್ಪರ್ಧಿಸಿ ಸೋತರು. 1955ರಲ್ಲಿ ತೀರಿಕೊಂಡರು.

ನಮ್ಮ ಮನೆಯ ಉರ್ದುವಿನಲ್ಲಿ ನ್ಯಾಯಕ್ಕೆ ಇನ್ಸಾಫ್ ಎನ್ನುತ್ತೇವೆ. ಅರ್ಧ ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದ ಪದ ಅದು. ಸಮನಾಗಿ ಹಂಚುವುದು ಎಂಬ ಭಾವ ಅದರಲ್ಲಿದೆ. ಪಾಲುದಾರಿಕೆ ಲೆಕ್ಕದಲ್ಲಿ ನಾವು ಲಾಭ ಹಂಚುವಂತೆ 1911ರಲ್ಲಿ ಸ್ಥಾನಗಳನ್ನು ಹಂಚಿದರು. ಹಾಗೆ ಹಂಚದಿದ್ದರೆ ತಂಡ ಹಡಗು ಹತ್ತುತ್ತಲೇ ಇರಲಿಲ್ಲವೇನೋ. ಆದರೆ ಸಮುದಾಯಕ್ಕೆ ಪಾಲು ಸಿಕ್ಕಿದ ಮೇಲೂ ಅದರೊಳಗಿನ ಒಬ್ಬ ಆಟಗಾರನಿಗೆ ಅನ್ಯಾಯ ಆಗಬಹುದು ಎಂಬುದನ್ನು ಬಾಲೂ ಅವರ ಜೀವನ ತೋರಿಸುತ್ತದೆ. ತಂಡಕ್ಕೆ ಸೇರಿಸಿಕೊಳ್ಳುವುದು ಒಂದು ನ್ಯಾಯ. ಜೊತೆಯಲ್ಲಿ ಕೂರಿಸಿ ಚಹಾ ಕೊಡುವುದು, ಅರ್ಹತೆ ಇದ್ದರೆ ನಾಯಕನನ್ನಾಗಿ ಮಾಡುವುದು ಇನ್ನೊಂದು ನ್ಯಾಯ.

ಗೆಳೆಯರೇ, ಕಡೂರಿಗೆ ಹೋಗುವ ತಂಡವಿರಲಿ, ವಿದೇಶಕ್ಕೆ ಹೋಗುವ ತಂಡವಿರಲಿ, ಆಯ್ಕೆಯ ನಿಯಮ ಆಯ್ಕೆಗೆ ಮೊದಲೇ ಎಲ್ಲರಿಗೂ ಗೊತ್ತಿರಬೇಕು ಎಂದು ನನಗನ್ನಿಸುತ್ತದೆ. ನೋಟಿಸ್ ಬೋರ್ಡಿನಲ್ಲಿ ಹೆಸರುಗಳ ಪಟ್ಟಿಗಿಂತ ಮೊದಲು ಆ ನಿಯಮ ಬರಲಿ. ಆಗ ಪಟ್ಟಿಯಲ್ಲಿ ಹೆಸರಿಲ್ಲದವನಿಗೂ ಕಾರಣ ತಿಳಿಯುತ್ತದೆ, ಮುಂದಿನ ವರ್ಷಕ್ಕೆ ಅಭ್ಯಾಸ ಮಾಡಲು ಮನಸ್ಸು ಬರುತ್ತದೆ.