ಲೆಸ್ಲಿ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಕೆನಡಾ ಮೂಲದ ಸಸ್ಯರೋಗ ತಜ್ಞ, ಕೀಟಶಾಸ್ತ್ರಜ್ಞ ಹಾಗೂ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕ. ಅಡಕೆಯ ಕೊಳೆರೋಗದ ಕಾರಣವನ್ನು ಗುರುತಿಸಿ, ಅದರ ನಿವಾರಣೆಗೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿನಲ್ಲಿ ಬಳಕೆಗೆ ತಂದವರೆಂದು ಇವರು ಪ್ರಸಿದ್ಧರು. ನಮ್ಮ ನಾಡಿನಲ್ಲಿ ಬೆಳೆಯ ಮೇಲೆ ಔಷಧ ಹೊಡೆಯುವ ಪದ್ಧತಿಯ ಚರಿತ್ರೆಯನ್ನೂ, ಅದು ಮಣ್ಣಿನಲ್ಲಿ ಮತ್ತು ಆಹಾರದಲ್ಲಿ ಬಿಡುವ ಉಳಿಕೆಯ ಪ್ರಶ್ನೆಯನ್ನೂ ಇವರ ಹೆಸರನ್ನು ಬಿಟ್ಟು ಬರೆಯಲಾಗದು.

ಆರಂಭಿಕ ಜೀವನ

ಕೋಲ್ಮನ್ ಹುಟ್ಟಿದ್ದು ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ನೈಟ್ರೀಕರಣವನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಹಾಗೂ ಕೀಟ ತಜ್ಞರಾಗಿ ಬೆಂಗಳೂರಿಗೆ ಬಂದರು. ಅವರಿಗಿಂತ ಮೊದಲು ಕೃಷಿ ರಸಾಯನಶಾಸ್ತ್ರಜ್ಞ ಅಡಾಲ್ಫ್ ಲೆಹ್ಮನ್ ಇಲ್ಲಿ ಪ್ರಯೋಗಗಳಿಗೆ ತಳಪಾಯ ಹಾಕಿದ್ದರು. ಅವರೂ ಕೆನಡಾದವರೇ.

ಕೊಳೆರೋಗದ ಸಂಶೋಧನೆ

ಮುಂಗಾರು ಹಿಡಿದ ಮೇಲೆ ಅಡಕೆಯ ಎಳೆಕಾಯಿಗಳ ಮೇಲೆ ನೀರು ಹೀರಿದಂತಹ ಕಲೆ ಮೂಡುತ್ತದೆ. ಬಳಿಕ ಬಿಳಿಯ ಬೂಷ್ಟು ಹರಡಿ ಕಾಯಿಗಳು ಉದುರುತ್ತವೆ. ಮಳೆ ಬಿಡದೆ ಸುರಿದ ವರ್ಷ ಒಂದು ತೋಟದ ಇಡೀ ಫಸಲೇ ಕೈತಪ್ಪುವುದುಂಟು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುವುದು ಬೆಳೆಗಾರರು ಕಂಡುಕೊಂಡಿದ್ದ ಉಪಾಯ. ಅದು ಫಲಕಾರಿಯಾದರೂ ಬಹಳ ಶ್ರಮದ ಕೆಲಸ.

ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಅಧ್ಯಯನ ನಡೆಸಿ, ರೋಗಕ್ಕೆ ಫೈಟಾಫ್ತೊರಾ ಕುಲದ ಶಿಲೀಂಧ್ರವೇ ಕಾರಣವೆಂದು ತೋರಿಸಿದರು. 1910ರಲ್ಲಿ ಇದನ್ನು ಇಲಾಖೆಯ ಪ್ರಕಟಣೆಯಾಗಿ ಹೊರತಂದರು. ಈ ಜೀವಿಯ ಬೀಜಕಗಳು ನೀರಿನಲ್ಲಿ ಈಜಿ ಹರಡುವುದರಿಂದ ಮಳೆಗೂ ರೋಗಕ್ಕೂ ಇದ್ದ ನಂಟಿಗೆ ವಿವರಣೆ ದೊರೆಯಿತು. ಕನ್ನಡದ ಕೊಳೆರೋಗ ಎಂಬ ಮಾತು ಹಾಗೆಯೇ ಜಗತ್ತಿನ ಸಸ್ಯರೋಗ ಗ್ರಂಥಗಳಲ್ಲಿ ಸೇರಿಹೋಗಿದೆ.

ಪರಿಹಾರಕ್ಕಾಗಿ ಅವರು ಆರಿಸಿಕೊಂಡದ್ದು ಫ್ರಾನ್ಸಿನ ದ್ರಾಕ್ಷಿತೋಟಗಳ ಔಷಧವನ್ನು. ಬೋರ್ಡೋ ನಗರದ ಸುತ್ತಿನ ರೈತರು ದಾರಿಹೋಕರು ಹಣ್ಣು ಕೀಳದಿರಲೆಂದು ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಚಿಮುಕಿಸುತ್ತಿದ್ದರು. ಅಂತಹ ಬಳ್ಳಿಗಳಿಗೆ ಬೂಜುರೋಗ ತಗಲದಿದ್ದುದನ್ನು ಕಂಡ ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದರು. ಇಂದು ರೂಢಿಯಲ್ಲಿರುವ ಶೇ. 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಮತ್ತು 100 ಲೀಟರ್ ನೀರು ಬೇಕು. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಮಲೆನಾಡಿನ ಮಳೆಗೆ ಔಷಧ ತೊಳೆದುಹೋಗುವುದೇ ತೊಡಕಾಗಿತ್ತು. ರಾಳ ಮತ್ತು ಸೋಡದ ಅಂಟನ್ನು ಬೆರೆಸಿ ಅದು ಕಾಯಿಗೆ ಹಿಡಿದು ನಿಲ್ಲುವಂತೆ ಮಾಡಿದ್ದು ಕೋಲ್ಮನ್ ಅವರ ಕೆಲಸದ ಮುಖ್ಯ ಭಾಗ. ಶತಮಾನ ಕಳೆದರೂ ಮುಂಗಾರಿಗೆ ಮುನ್ನ ಕೊನೆಗಾರರು ಮರವೇರಿ ಇದೇ ನೀಲಿ ಔಷಧವನ್ನು ಹೊಡೆಯುತ್ತಾರೆ.

ತಾಮ್ರದ ಉಳಿಕೆ

ಅಂಟಿ ನಿಲ್ಲುವ ಗುಣವೇ ಈ ಔಷಧದ ಬಲ. ಉಳಿಕೆಯ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ. ತಾಮ್ರವು ಭಾರಲೋಹ. ಸಾವಯವ ಕೀಟನಾಶಕಗಳಂತೆ ಅದು ಕಾಲಕ್ರಮದಲ್ಲಿ ವಿಘಟನೆಗೊಳ್ಳುವುದಿಲ್ಲ, ಪ್ರತಿ ವರ್ಷದ ಸಿಂಪಡಣೆಯ ಬಹುಪಾಲು ಮೇಲ್ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕಾದ ಧಾತುವಾದರೂ ಅತಿಯಾದರೆ ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಹಾನಿಕರ. ಯುರೋಪಿನ ಒಕ್ಕೂಟ ಈಗ ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕಿಲೊ ತಾಮ್ರದ ಮಿತಿಯನ್ನು ವಿಧಿಸಿದೆ.

ಕೋಲ್ಮನ್ ಅವರ ಕಾಲದಲ್ಲಿ ಉಳಿಕೆಯ ಚರ್ಚೆ ನಡೆಯುತ್ತಿದ್ದುದು ಮುಖ್ಯವಾಗಿ ಸೀಸ ಮತ್ತು ಪಾಷಾಣದ ಬಗ್ಗೆ. ಸೀಸದ ಆರ್ಸೆನೇಟ್ ಸಿಂಪಡಿಸಿದ ಅಮೆರಿಕದ ಸೇಬಿನ ಕುರಿತು 1920ರ ದಶಕದಲ್ಲಿ ಬ್ರಿಟನ್ ಆಕ್ಷೇಪವೆತ್ತಿತ್ತು. ತಾಮ್ರದ ದೀರ್ಘಕಾಲದ ಶೇಖರಣೆಯನ್ನು ಆಗ ಎಣಿಕೆಗೆ ತೆಗೆದುಕೊಂಡಿರಲಿಲ್ಲವೆಂದು ಅವರನ್ನು ದೂಷಿಸುವುದು ನ್ಯಾಯವಲ್ಲ. ಅಡಕೆಯ ಸಿಪ್ಪೆಯನ್ನು ಸುಲಿದು ಒಳಗಿನ ಬೆಟ್ಟೆಯನ್ನಷ್ಟೇ ಬಳಸುವುದರಿಂದ ಹೊರಲೇಪ ನೇರವಾಗಿ ಬಾಯಿಗೆ ಬರುವುದೂ ಕಡಿಮೆ. ಆದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಗೌನಿಪಲ್ಲಿ ಕಡೆಯ ಟೊಮೇಟೊವಿನಂತಹ ಬೆಳೆಗಳ ವಿಷಯ ಬೇರೆ. ಅದನ್ನು ಸಿಪ್ಪೆಸಹಿತ ತಿನ್ನುವುದರಿಂದ, ಸಿಂಪಡಣೆಗೂ ಕೊಯ್ಲಿಗೂ ನಡುವಿನ ಅಂತರ ಮತ್ತು ತೊಳೆಯುವಿಕೆ ಅಲ್ಲಿ ಮುಖ್ಯವಾಗುತ್ತವೆ.

ಇಲಾಖೆಯ ಕೆಲಸ

1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ನೀಡಿದ್ದ 30 ಎಕರೆ ಭೂಮಿಯೇ ಅದಕ್ಕೆ ನೆಲೆ. ಮುಂದೆ ಅದು ಕಾಲೇಜಾಗಿ, ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ (1925) ಇವರ ಒತ್ತಾಸೆಯಿಂದ ಸ್ಥಾಪನೆಗೊಂಡಿತು. ಮಂಡ್ಯದ ಕಬ್ಬಿನ ಕೃಷಿ ಮತ್ತು 1933ರ ಸಕ್ಕರೆ ಕಾರ್ಖಾನೆಯ ಹಿಂದೆಯೂ ಇವರ ಶ್ರಮವಿದೆ. ಕೆ. ಕುಂಞಿ ಕಣ್ಣನ್, ಎಂ. ಜೆ. ನರಸಿಂಹನ್ ಮೊದಲಾದ ಭಾರತೀಯ ಸಹೋದ್ಯೋಗಿಗಳೊಡನೆ ಸಂಶೋಧನೆಗಳನ್ನು ಪ್ರಕಟಿಸಿದರು.

ಕೋಲ್ಮನ್ 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಜೋಳದ ಬೆಳೆಯನ್ನು ತಿನ್ನುವ ದಖ್ಖನಿನ ರೆಕ್ಕೆಯಿಲ್ಲದ ಮಿಡತೆಯ ಕುಲಕ್ಕೆ 1910ರಲ್ಲಿ ಇವರ ನೆನಪಿಗಾಗಿ ಕೋಲ್ಮೇನಿಯಾ ಎಂದು ಹೆಸರಿಡಲಾಗಿದೆ.