ಗೇಣಿಯ ಪ್ರಶ್ನೆ ಮತ್ತು ಶಾಂತವೇರಿ ಗೋಪಾಲಗೌಡರ ರಾಜಕಾರಣ

ಕರ್ನಾಟಕದ ಸಮಾಜವಾದಿ ಚಳವಳಿಯ ಚರಿತ್ರೆಯಲ್ಲಿ ಶಾಂತವೇರಿ ಗೋಪಾಲಗೌಡರ ಹೆಸರು ಕಾಗೋಡು ಸತ್ಯಾಗ್ರಹದೊಂದಿಗೆ ಬೆಸೆದುಕೊಂಡಿದೆ. ಅವರ ಬದುಕನ್ನು ಆದರ್ಶ ರಾಜಕಾರಣಿಯೊಬ್ಬನ ಕಥೆಯಾಗಿ ನೆನೆಯುವ ರೂಢಿ ಬಲವಾಗಿದೆ. ಆ ಆದರ್ಶದ ಹಿಂದೆ ಮಲೆನಾಡಿನ ಗೇಣಿ ಪದ್ಧತಿಯ ಕಠೋರವಾದ ಅನುಭವವಿತ್ತು. ಉಳುವವನ ಪ್ರಶ್ನೆಯನ್ನು ಗದ್ದೆಯಿಂದ ಶಾಸನಸಭೆಗೆ ಒಯ್ದುದರಲ್ಲಿಯೇ ಅವರ ರಾಜಕಾರಣದ ಮಹತ್ವವಿದೆ.

ಗೋಪಾಲಗೌಡರು 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಬಡ ರೈತ ಕುಟುಂಬದಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆ ಕಂಡರು. ಮುಂದೆ ರಾಮಮನೋಹರ ಲೋಹಿಯಾ ಅವರ ಚಿಂತನೆ ಅವರ ದಾರಿಯನ್ನು ನಿರ್ಧರಿಸಿತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ವಿವಾದ ಮೊಳೆತದ್ದು ಒಂದು ಅಳತೆಯಿಂದ. ಗೇಣಿದಾರರು ಭತ್ತ ಅಳೆದುಕೊಡಬೇಕಾಗಿದ್ದ ಭೂಮಾಲೀಕರ ಕೊಳಗ, ಮೂರು ಸೇರಿನ ನಿಗದಿತ ಕೊಳಗಕ್ಕಿಂತ ದೊಡ್ಡದಾಗಿತ್ತು. ಪ್ರತಿ ಅಳತೆಯಲ್ಲಿಯೂ ಒಂದಿಷ್ಟು ಭತ್ತ ಲೆಕ್ಕಕ್ಕೆ ಬಾರದೆ ಒಡೆಯನ ಕಣಜ ಸೇರುತ್ತಿತ್ತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಆದುದರಿಂದ ಕೊಳಗದ ಪ್ರಶ್ನೆ ಜಾತಿ ಶ್ರೇಣಿಯ ಪ್ರಶ್ನೆಯೂ ಆಗಿತ್ತು. ಎಚ್. ಗಣಪತಿಯಪ್ಪನವರು ಇವರನ್ನು ರೈತ ಸಂಘದ ಮೂಲಕ ಸಂಘಟಿಸಿದ್ದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಉಳುಮೆಯ ಹಕ್ಕು ಕಳೆದುಕೊಂಡ ರೈತರು ನೇಗಿಲು ಹಿಡಿದು ಗದ್ದೆಗಿಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಇದರ ಬೆನ್ನಿಗೆ ನಿಂತಿತು. ಗೋಪಾಲಗೌಡರು ಮುಂಚೂಣಿಗೆ ಬಂದರು. ಜೂನ್‌ನಲ್ಲಿ ಅಲ್ಲಿಗೆ ಬಂದ ಲೋಹಿಯಾ ಕೂಡ ಬಂಧಿತರಾದುದರಿಂದ ಒಂದು ಹಳ್ಳಿಯ ತಕರಾರು ರಾಷ್ಟ್ರದ ಗಮನ ಸೆಳೆಯಿತು. ಆದರೆ ಭೂಮಿ ಕೂಡಲೇ ರೈತರ ಕೈಸೇರಲಿಲ್ಲ.

ಈ ಹೋರಾಟದ ಫಲ ಮೊದಲು ಕಂಡದ್ದು ಮತಪೆಟ್ಟಿಗೆಯಲ್ಲಿ. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ ಅವರನ್ನು ಸೋಲಿಸಿ ಮೈಸೂರು ವಿಧಾನಸಭೆ ಪ್ರವೇಶಿಸಿದರು. ಭೂಒಡೆತನದ ಬಲವಿಲ್ಲದ ಅಭ್ಯರ್ಥಿಯೊಬ್ಬ ಗೇಣಿದಾರರ ಬೆಂಬಲದಿಂದ ಗೆದ್ದುದು ಮಲೆನಾಡಿನ ಅಧಿಕಾರ ಸಂಬಂಧಗಳಲ್ಲಿ ಬಿರುಕು ಮೂಡಿದುದರ ಸೂಚನೆ. 1957ರಲ್ಲಿ ಸೋಲುಂಡರೂ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಆಯ್ಕೆಯಾದರು. ಅವರು ಎಂದೂ ಮಂತ್ರಿಯಾಗಲಿಲ್ಲ. ವಿರೋಧ ಪಕ್ಷದ ಪೀಠವನ್ನೇ ಹೋರಾಟದ ಕಣವಾಗಿಸಿಕೊಂಡರು.

ಭೂಮಿಯ ಪ್ರಶ್ನೆಯಷ್ಟೇ ಭಾಷೆಯ ಪ್ರಶ್ನೆಯೂ ಅವರಿಗೆ ಮುಖ್ಯವಾಗಿತ್ತು. ಕರ್ನಾಟಕ ಏಕೀಕರಣವನ್ನು ಅವರು ಬೆಂಬಲಿಸಿದರು. ಏಕೀಕೃತ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿರಬೇಕೆಂದು ವಾದಿಸಿದರು. ಆಡಳಿತದ ನುಡಿ ರೈತನಿಗೆ ಅರ್ಥವಾಗದಿದ್ದರೆ ಆತನ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆಂಬ ನೆಲೆಯಿಂದ ನೋಡಿದಾಗ ಈ ಎರಡೂ ಕಾಳಜಿಗಳು ಒಂದೇ ಎಂಬುದು ಸ್ಪಷ್ಟವಾಗುತ್ತದೆ. ಸಾಹಿತ್ಯ, ಸಂಗೀತಗಳಲ್ಲಿ ಅವರಿಗಿದ್ದ ಆಸಕ್ತಿ ಆಳವಾದುದು. ಯು.ಆರ್. ಅನಂತಮೂರ್ತಿಯವರಂತಹ ಯುವ ಲೇಖಕರ ಮೇಲೆ ಅವರು ಬೀರಿದ ಪ್ರಭಾವ ನವ್ಯ ಸಾಹಿತ್ಯದ ರಾಜಕೀಯ ಪ್ರಜ್ಞೆಯನ್ನು ರೂಪಿಸಿದ ಅಂಶಗಳಲ್ಲೊಂದು. 1978ರಲ್ಲಿ ಪ್ರಕಟವಾದ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನ ಪಾತ್ರಕ್ಕೆ ಗೋಪಾಲಗೌಡರ ಬದುಕು ಪ್ರೇರಣೆಯಾಯಿತು. ಆದರೆ ಕಾದಂಬರಿಯ ನಾಯಕನನ್ನೇ ಚರಿತ್ರೆಯ ವ್ಯಕ್ತಿಯೆಂದು ಓದುವುದು ಇಬ್ಬರಿಗೂ ನ್ಯಾಯ ಒದಗಿಸಲಾರದು.

ಕೊನೆಯ ವರ್ಷಗಳಲ್ಲಿ ಅನಾರೋಗ್ಯ ಅವರನ್ನು ಕುಗ್ಗಿಸಿತು. 1972ರ ಜೂನ್ 9ರಂದು ನಿಧನರಾದಾಗ ಅವರಿಗೆ 49 ವರ್ಷ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರನಿಗೆ ತಾನು ಉಳುವ ಭೂಮಿಯ ಒಡೆತನ ಪಡೆಯುವ ದಾರಿ ತೆರೆಯಿತು. ಇವೆರಡನ್ನೂ ನೋಡಲು ಗೋಪಾಲಗೌಡರು ಉಳಿದಿರಲಿಲ್ಲ. ಆ ಶಾಸನದ ಯಶಸ್ಸು ಸಹಜವಾಗಿಯೇ ಅಧಿಕಾರದಲ್ಲಿದ್ದವರಿಗೆ ಸಂದಿದೆ. ಅಂತಹ ಶಾಸನ ಅನಿವಾರ್ಯವೆಂಬ ಜನಾಭಿಪ್ರಾಯವನ್ನು ಎರಡು ದಶಕಗಳ ಕಾಲ ಕಟ್ಟಿದವರಲ್ಲಿ ಕಾಗೋಡಿನ ಅನಾಮಿಕ ಗೇಣಿದಾರರೂ, ಅವರ ದನಿಯನ್ನು ಸದನಕ್ಕೆ ತಂದ ಗೋಪಾಲಗೌಡರೂ ಮೊದಲಿಗರು.